ಲಯೊನೆಲ್ ಸ್ಕಲೋನಿ: ಕೋಲಾರದ ಮೈದಾನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಕೋಲಾರದ ಯಾವ ಮೈದಾನಕ್ಕೆ ಹೋದರೂ ನೀಲಿ-ಬಿಳಿ ಪಟ್ಟೆಯ ಹತ್ತನೇ ನಂಬರ್ ಜರ್ಸಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೆಸ್ಸಿ ಬಗ್ಗೆ ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರ ಅರ್ಜೆಂಟೀನಾ ಫುಟ್‌ಬಾಲ್ ತಂಡದ ಕೋಚ್ ಸ್ಕಲೋನಿ ಬಗ್ಗೆ ಮಾತು ಬಂದರೆ ಸಾಕು, ಪ್ರಶ್ನೆ ಮೇಲೆ ಪ್ರಶ್ನೆ. ಅಭ್ಯಾಸ ಮುಗಿಸಿ ಶೂ ಬಿಚ್ಚುವಾಗ ಮಕ್ಕಳು ಕೇಳುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬೈಕ್ ತಂದು ನಿಲ್ಲಿಸುವ ಅಪ್ಪಂದಿರೂ ಕೇಳುತ್ತಾರೆ. ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ಕಲೋನಿ ಯಾರು? ಚಿಕ್ಕದಾಗಿ ಹೇಳಿ.

ಅರ್ಜೆಂಟೀನಾದ ಮಾಜಿ ಆಟಗಾರ, ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. ಹುಟ್ಟಿದ್ದು 1978ರ ಮೇ 16. 2018ರಲ್ಲಿ ರಾಷ್ಟ್ರೀಯ ತಂಡದ ಹಂಗಾಮಿ ಕೋಚ್ ಆದರು. 2021ರಲ್ಲಿ ಕೋಪಾ ಅಮೆರಿಕ (ದಕ್ಷಿಣ ಅಮೆರಿಕ ದೇಶಗಳ ಕಪ್), 2022ರಲ್ಲಿ ಫೈನಲಿಸಿಮಾ (ಯುರೋಪ್ ಚಾಂಪಿಯನ್ ಜೊತೆಗಿನ ಪಂದ್ಯ) ಮತ್ತು ವಿಶ್ವಕಪ್, 2024ರಲ್ಲಿ ಮತ್ತೆ ಕೋಪಾ ಅಮೆರಿಕ ಗೆದ್ದುಕೊಟ್ಟರು. ಹಂಗಾಮಿಯಾಗಿ ಬಂದವರು ಮೂರು ವರ್ಷದಲ್ಲಿ ನಾಲ್ಕು ಕಪ್ ತಂದಿದ್ದಾರೆ.

ಅವರೂ ಮೆಸ್ಸಿ ಊರಿನವರೇನಾ ಅಣ್ಣ?

ಹತ್ತಿರದವರು. ಮೆಸ್ಸಿ ಊರು ರೊಸಾರಿಯೊ, ದೊಡ್ಡ ನಗರ. ಸ್ಕಲೋನಿ ಊರು ಪುಹಾತೊ. ರೊಸಾರಿಯೊ ಪಕ್ಕದಲ್ಲೇ, ಅದೇ ಸಾಂತಾ ಫೆ ಪ್ರಾಂತ್ಯದಲ್ಲಿದೆ. ಕೆಲವೇ ಸಾವಿರ ಜನ ಇರುವ ಬೇಸಾಯದ ಊರು, ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದಷ್ಟು ಅಂತ ಇಟ್ಟುಕೊಳ್ಳಿ. ಸುತ್ತಲೂ ಹೊಲ.

ಇಬ್ಬರನ್ನೂ ಬೆಳೆಸಿದ್ದು ರೊಸಾರಿಯೊದ ನ್ಯೂಯೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್. ಮೆಸ್ಸಿ ಅಲ್ಲಿಂದ 13ನೇ ವಯಸ್ಸಿಗೇ ಬಾರ್ಸಿಲೋನಾಗೆ ಹೋದರು. ಸ್ಕಲೋನಿ ಅದೇ ಕ್ಲಬ್‌ನ ಹಿರಿಯರ ತಂಡಕ್ಕೆ 1995ರಲ್ಲಿ ಆಡಿದರು. ಆಮೇಲೆ ಎಸ್ತುದಿಯಾಂತೆಸ್ ಸೇರಿದರು.

ಆಟಗಾರರಾಗಿ ದೊಡ್ಡ ಹೆಸರೇನೂ ಇರಲಿಲ್ಲ ಅಲ್ವಾ?

ಸ್ಟಾರ್ ಅಲ್ಲ, ನಿಜ. ಹಾಗಂತ ಸಾಧಾರಣ ಆಟಗಾರ ಅನ್ನೋದನ್ನೂ ನಾನು ಒಪ್ಪಲ್ಲ.

1997ರಲ್ಲಿ ಮಲೇಷ್ಯಾದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿ ಅವರಿದ್ದರು. ಕೋಚ್ ಹೊಸೆ ಪೆಕರ್‌ಮನ್. ರಿಕೆಲ್ಮೆ, ಪಾಬ್ಲೊ ಐಮಾರ್, ಕಾಂಬಿಯಾಸೊ, ವಾಲ್ಟರ್ ಸಾಮುಯೆಲ್ ಎಲ್ಲ ಅದೇ ತಂಡ. ಐಮಾರ್, ಸಾಮುಯೆಲ್ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದಾದ ಮೇಲೆ ಸ್ಪೇನ್‌ಗೆ ಹೋದರು. ದೆಪೊರ್ತಿವೊ ಲಾ ಕೊರುನ್ಯಾ ಕ್ಲಬ್‌ನಲ್ಲಿ ಸುಮಾರು ಎಂಟು ವರ್ಷ ಇದ್ದರು. ಆ ಕ್ಲಬ್ ತನ್ನ ಇತಿಹಾಸದಲ್ಲಿ ಸ್ಪೇನ್‌ನ ದೊಡ್ಡ ಲೀಗ್ ಲಾ ಲಿಗಾ ಗೆದ್ದಿರುವುದು ಒಂದೇ ಸಲ, 1999-2000ರಲ್ಲಿ. ಆಗ ಸ್ಕಲೋನಿ ತಂಡದಲ್ಲಿದ್ದರು. 2002ರ ಮಾರ್ಚ್ 6ರಂದು ಸ್ಪೇನ್ ಕ್ಲಬ್‌ಗಳ ಕಪ್ ಟೂರ್ನಿ ಕೋಪಾ ದೆಲ್ ರೇಯ ಫೈನಲ್. ರಿಯಲ್ ಮ್ಯಾಡ್ರಿಡ್‌ಗೆ ಅವತ್ತು ನೂರು ವರ್ಷ ತುಂಬಿದ ದಿನ. ಪಂದ್ಯವೂ ಅವರದ್ದೇ ಬೆರ್ನಬೇವು ಮೈದಾನದಲ್ಲಿ. ಹಬ್ಬಕ್ಕೆ ಎಲ್ಲಾ ತಯಾರಿ ಆಗಿತ್ತು. ದೆಪೊರ್ತಿವೊ 2-1ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಅವತ್ತಿನ ರೈಟ್ ಬ್ಯಾಕ್ ಸ್ಕಲೋನಿ. ದೊಡ್ಡವರ ಮನೆಗೇ ಹೋಗಿ ಗೆದ್ದು ಬರುವುದು ಅವರಿಗೆ 2021ರಲ್ಲಿ, ಬ್ರೆಜಿಲ್ ನೆಲದ ಕೋಪಾ ಫೈನಲ್‌ನಲ್ಲಿ, ಹೊಸದೇನೂ ಆಗಿರಲಿಲ್ಲ.

ನಂತರ ವೆಸ್ಟ್ ಹ್ಯಾಮ್, ರೇಸಿಂಗ್ ಸಾಂತಾಂದೆರ್, ಲಾತ್ಸಿಯೊ, ಮಯೋರ್ಕಾ, ಅಟಲಾಂಟಾ. 2015ರಲ್ಲಿ ಆಟ ನಿಲ್ಲಿಸಿದರು. ಅರ್ಜೆಂಟೀನಾ ಹಿರಿಯರ ತಂಡಕ್ಕೆ ಆಡಿದ್ದು 7 ಪಂದ್ಯ ಮಾತ್ರ.

2006ರಲ್ಲಿ ಇಂಗ್ಲೆಂಡ್‌ನ ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ ಜೆರಾರ್ಡ್ ಹೊಡೆದ ಗೋಲ್‌ಗೆ ಇವರೇ ಕಾರಣ ಅಂತಾರೆ. ನಿಜವಾ?

ಅರ್ಧ ನಿಜ. ಪೂರ್ತಿ ಹೇಳಬೇಕು.

2006ರ ಮೇ 13, ಕಾರ್ಡಿಫ್. ವೆಸ್ಟ್ ಹ್ಯಾಮ್ 3, ಲಿವರ್‌ಪೂಲ್ 2. ತೊಂಬತ್ತು ನಿಮಿಷ ಮುಗಿಯುತ್ತಾ ಬಂದಿದೆ. ಲಿವರ್‌ಪೂಲ್ ಆಟಗಾರ ಒಬ್ಬ ಕಾಲು ಹಿಡಿದುಕೊಂಡು ಬಿದ್ದ. ಸ್ಕಲೋನಿ ಚೆಂಡನ್ನು ಹೊರಗೆ ಹಾಕಿದರು, ಅವನಿಗೆ ಚಿಕಿತ್ಸೆ ಸಿಗಲಿ ಅಂತ. ಲಿವರ್‌ಪೂಲ್ ನ್ಯಾಯವಾಗಿ ಚೆಂಡನ್ನು ವಾಪಸ್ ಸ್ಕಲೋನಿ ಕಡೆಗೇ ಕೊಟ್ಟಿತು. ಅವರು ಅದನ್ನು ಅವಸರದಲ್ಲಿ ದೂರ ಹೊಡೆದರು. ಅದು ನೇರವಾಗಿ ಎದುರಾಳಿ ಕಾಲಿಗೇ ಹೋಯಿತು. ಚೆಂಡು ಮತ್ತೆ ಬಾಕ್ಸ್ ಕಡೆ ಬಂತು, ಅಲ್ಲಿಂದ ತಲೆಗೆ ತಾಗಿ ಹೊರಗೆ ಹಾರಿತು. ಮೂವತ್ತೈದು ಗಜ ದೂರದಲ್ಲಿ ನಿಂತಿದ್ದ ಜೆರಾರ್ಡ್ ನೆಲಕ್ಕೆ ಒಂದು ಪುಟ ಬಿದ್ದ ಚೆಂಡನ್ನು ಬಾರಿಸಿದರು. 3-3. ವೆಸ್ಟ್ ಹ್ಯಾಮ್ ಪೆನಾಲ್ಟಿಯಲ್ಲಿ ಸೋತಿತು.

ಸುಮ್ನೆ ಚೆಂಡನ್ನು ಕಾಲಡಿ ಇಟ್ಟುಕೊಂಡು ಎರಡು ಸೆಕೆಂಡ್ ನಿಂತಿದ್ದರೆ ಸಾಕಿತ್ತು. ಆದರೆ ಅಷ್ಟು ದೂರದಿಂದ ಅಂಥ ಹೊಡೆತ ಬೀಳುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ? ನಾನು ಈ ತುಣುಕನ್ನು ಡಿಫೆಂಡರ್ ಆಡುವ ಹುಡುಗರಿಗೆ ತೋರಿಸುತ್ತೇನೆ. ಗೋಲ್ ನೋಡಬೇಡಿ, ಅದಕ್ಕಿಂತ ಮುಂಚಿನ ಹತ್ತು ಸೆಕೆಂಡ್ ನೋಡಿ ಅಂತ ಹೇಳುತ್ತೇನೆ.

ಅವರು ವಿಶ್ವಕಪ್ ಆಡಿದ್ದಾರಾ?

ಆಡಿದ್ದಾರೆ, ಒಂದೇ ಪಂದ್ಯ. 2006, ಜರ್ಮನಿ. ಮತ್ತೆ ಪೆಕರ್‌ಮನ್ನೇ ಕೋಚ್. ಹಾವಿಯೆರ್ ಜಾನೆಟ್ಟಿಯಂಥ ರೈಟ್ ಬ್ಯಾಕನ್ನು ಬಿಟ್ಟು ಸ್ಕಲೋನಿಯನ್ನು ಕರೆದುಕೊಂಡು ಹೋದರು ಅಂತ ಆಗ ದೊಡ್ಡ ಗಲಾಟೆ ಆಗಿತ್ತು. ಜೂನ್ 24ರಂದು ಮೆಕ್ಸಿಕೊ ವಿರುದ್ಧ ನಾಕೌಟ್ ಪಂದ್ಯ. ಸ್ಕಲೋನಿ ಶುರುವಿನಿಂದ ಆಡಿದರು. ಕೊನೆಯಲ್ಲಿ ಬದಲಿ ಆಟಗಾರನಾಗಿ ಒಬ್ಬ ಹುಡುಗ ಒಳಗೆ ಬಂದ, ಅವತ್ತೇ ಅವನಿಗೆ 19 ತುಂಬಿತ್ತು. ಅದು ಮೆಸ್ಸಿ. ಎಕ್ಸ್‌ಟ್ರಾ ಟೈಮ್‌ನಲ್ಲಿ ಮಾಕ್ಸಿ ರೊದ್ರಿಗೆಸ್ ಗೋಲ್‌ನಿಂದ ಅರ್ಜೆಂಟೀನಾ 2-1ರಿಂದ ಗೆದ್ದಿತು. ಕೋಚ್ ಮತ್ತು ಕ್ಯಾಪ್ಟನ್ ಆಗುವ ಎಷ್ಟೋ ಮುಂಚೆ ಇಬ್ಬರೂ ಜೊತೆಯಲ್ಲಿ ವಿಶ್ವಕಪ್ ಪಂದ್ಯ ಆಡಿದ್ದರು.

ಒಂದು ಕ್ಲಬ್‌ಗೂ ಮುಖ್ಯ ಕೋಚ್ ಆಗಿರಲಿಲ್ಲ. ಅಂಥವರಿಗೆ ರಾಷ್ಟ್ರೀಯ ತಂಡ ಹೇಗೆ ಕೊಟ್ಟರು?

ಈ ಪ್ರಶ್ನೆಯನ್ನು ಆಗ ಅರ್ಜೆಂಟೀನಾದವರೂ ಕೇಳಿದ್ದರು, ಸಿಟ್ಟಿನಿಂದಲೇ. ಮರಡೋನಾ ಬಹಿರಂಗವಾಗಿ ವಿರೋಧಿಸಿದ್ದರು.

ಆಟ ನಿಲ್ಲಿಸಿದ ಮೇಲೆ ಸ್ಕಲೋನಿ ಮಯೋರ್ಕಾ ದ್ವೀಪದಲ್ಲಿ ಸೋನ್ ಕಾಲಿಯು ಅನ್ನುವ ಸಣ್ಣ ಕ್ಲಬ್‌ನಲ್ಲಿ ಮಕ್ಕಳಿಗೆ ಕೋಚಿಂಗ್ ಮಾಡಿದರು. ಆಮೇಲೆ ಸೆವಿಯ್ಯಾದಲ್ಲಿ ಹೊರ್ಹೆ ಸಂಪಾವೊಲಿಗೆ ಸಹಾಯಕ. 2017ರಲ್ಲಿ ಸಂಪಾವೊಲಿ ಅರ್ಜೆಂಟೀನಾ ಕೋಚ್ ಆದಾಗ ಇವರೂ ಜೊತೆಗೆ ಹೋದರು. 2018ರ ವಿಶ್ವಕಪ್ ನೆನಪಿದೆಯಲ್ಲ? ಐಸ್‌ಲ್ಯಾಂಡ್ ಜೊತೆ 1-1, ಕ್ರೊಯೇಷಿಯಾ ಕೈಲಿ 0-3, ಕೊನೆಗೆ ಫ್ರಾನ್ಸ್ ಎದುರು 3-4. ಸಂಪಾವೊಲಿ ಹೋದರು.

ಸ್ಪೇನ್‌ನ ಲಾಲ್ಕುದಿಯಾದಲ್ಲಿ 20 ವರ್ಷದೊಳಗಿನವರ ಟೂರ್ನಿ ಇತ್ತು. ಸ್ಕಲೋನಿ ಮತ್ತು ಐಮಾರ್ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗೆದ್ದು ಬಂದರು. ದೊಡ್ಡ ಹೆಸರಿನ ಕೋಚ್ ಸಿಗುವ ತನಕ ಹಿರಿಯರ ತಂಡವನ್ನು ನೋಡಿಕೊಳ್ಳಿ ಅಂತ ಅರ್ಜೆಂಟೀನಾ ಫುಟ್‌ಬಾಲ್ ಸಂಸ್ಥೆ ಇವರಿಗೇ ಹೇಳಿತು. 2018ರ ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯ, ಗ್ವಾಟೆಮಾಲಾ ವಿರುದ್ಧ 3-0. ನವೆಂಬರ್‌ನಲ್ಲಿ ಅವರನ್ನೇ ಮುಂದುವರಿಸಿದರು.

ಅವತ್ತು ಅವರನ್ನು ಕೂರಿಸಿದ್ದು ಬೇರೆ ದಾರಿ ಇರಲಿಲ್ಲ ಅಂತ. ಅದರಲ್ಲಿ ಯಾರ ದೂರದೃಷ್ಟಿಯೂ ಇರಲಿಲ್ಲ. ಆದರೆ ಹಂಗಾಮಿ ಅನ್ನುವ ಹಣೆಪಟ್ಟಿಯನ್ನು ಸ್ಕಲೋನಿ ಚೆನ್ನಾಗಿ ಬಳಸಿಕೊಂಡರು. ಹಳೆಯ ಹೆಸರುಗಳನ್ನು ಪಕ್ಕಕ್ಕಿಟ್ಟು ಹೊಸಬರನ್ನು ಕರೆದರು. ಲಿಯಾಂದ್ರೊ ಪರೆದೆಸ್, ರೊದ್ರಿಗೊ ದೆ ಪೌಲ್, ಲೊ ಸೆಲ್ಸೊ ಮಿಡ್‌ಫೀಲ್ಡ್‌ನ ಬೆನ್ನೆಲುಬಾದರು. ಕಳೆದುಕೊಳ್ಳಲು ಏನೂ ಇಲ್ಲದವರು ಮಾತ್ರ ಮಾಡಬಹುದಾದ ಕೆಲಸ ಅದು.

ಬೆಂಚ್‌ನಲ್ಲಿ ಅವರ ಪಕ್ಕ ಕೂರುವವರು ಯಾರು?

ಐಮಾರ್, ಸಾಮುಯೆಲ್, ರೊಬೆರ್ತೊ ಅಯಾಲಾ. ಮೊದಲ ಇಬ್ಬರು 1997ರ ಮಲೇಷ್ಯಾ ಗೆಳೆಯರು. ಇಪ್ಪತ್ತು ವರ್ಷದಿಂದ ಗೊತ್ತಿರುವವರು. ಅಯಾಲಾ 2006ರ ವಿಶ್ವಕಪ್ ತಂಡದಲ್ಲಿ ಜೊತೆಗಿದ್ದವರು. ಆಟಗಾರರಾಗಿ ಮೂವರದ್ದೂ ಸ್ಕಲೋನಿಗಿಂತ ದೊಡ್ಡ ಹೆಸರು. ತನಗಿಂತ ದೊಡ್ಡ ಹೆಸರಿನವರನ್ನು ಸಹಾಯಕರಾಗಿ ಇಟ್ಟುಕೊಂಡು ಅವರ ಮಾತು ಕೇಳಲು ಧೈರ್ಯ ಬೇಕು.

ಮೆಸ್ಸಿ ಚಿಕ್ಕವನಿದ್ದಾಗ ಐಮಾರ್ ಆಟ ನೋಡಿ ಬೆಳೆದವರು. 2022ರ ಕತಾರ್ ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧ ಮೆಸ್ಸಿ ಗೋಲ್ ಹೊಡೆದಾಗ ಕ್ಯಾಮೆರಾ ಬೆಂಚ್ ಕಡೆ ತಿರುಗಿತು. ಐಮಾರ್ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಆ ತಂಡದ ಒಳಗೆ ಎಷ್ಟು ಒತ್ತಡ ಇತ್ತು ಅನ್ನೋದು ನನಗೆ ಗೊತ್ತಾಗಿದ್ದು ಗೋಲ್ ನೋಡಿ ಅಲ್ಲ, ಐಮಾರ್ ಮುಖ ನೋಡಿ.

ಮೊದಲ ಟೂರ್ನಿಯಲ್ಲೇ ಗೆದ್ದರಾ?

ಇಲ್ಲ. 2019ರ ಕೋಪಾ ಅಮೆರಿಕದಲ್ಲಿ ಮೊದಲ ಪಂದ್ಯವೇ ಕೊಲಂಬಿಯಾ ಕೈಲಿ 0-2. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಕೈಲಿ ಮತ್ತೆ 0-2. ಚಿಲಿಯನ್ನು ಸೋಲಿಸಿ ಮೂರನೇ ಸ್ಥಾನ. ಆ ಬ್ರೆಜಿಲ್ ಸೋಲಿನ ನಂತರ ಅರ್ಜೆಂಟೀನಾ 36 ಪಂದ್ಯ ಸೋಲಲಿಲ್ಲ. ಮೂರು ವರ್ಷಕ್ಕೂ ಜಾಸ್ತಿ.

2021ರ ಕೋಪಾ ಫೈನಲ್ ಯಾಕೆ ಅಷ್ಟು ಮುಖ್ಯ?

ಅರ್ಜೆಂಟೀನಾ 1993ರ ನಂತರ ಒಂದೂ ದೊಡ್ಡ ಕಪ್ ಗೆದ್ದಿರಲಿಲ್ಲ. 28 ವರ್ಷ. ಮೆಸ್ಸಿ 2014ರ ವಿಶ್ವಕಪ್ ಫೈನಲ್, 2015 ಮತ್ತು 2016ರ ಕೋಪಾ ಫೈನಲ್ ಎಲ್ಲವನ್ನೂ ಸೋತಿದ್ದರು. ಈಗ ಎದುರಿಗೆ ಬ್ರೆಜಿಲ್, ಅದೂ ಅವರದ್ದೇ ಮರಕಾನಾ ಮೈದಾನದಲ್ಲಿ.

ನಮಗೆ ಅದು ಜುಲೈ 11ರ ಭಾನುವಾರ ಬೆಳಗಿನ ಜಾವ ಐದೂವರೆ. ನಮ್ಮ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು. ಕ್ಯಾನ್ ಇಳಿಸಿ ಮೊಬೈಲ್‌ನಲ್ಲಿ ಸ್ಕೋರ್ ನೋಡಿದವರು ನಮ್ಮ ಕಡೆ ಬಹಳ ಜನ.

ಸೆಮಿಫೈನಲ್‌ನಲ್ಲಿ ಆಡಿದ ತಂಡಕ್ಕೆ ಸ್ಕಲೋನಿ ಫೈನಲ್‌ನಲ್ಲಿ ಐದು ಬದಲಾವಣೆ ಮಾಡಿದರು. ಐದು! ಗೆದ್ದ ತಂಡವನ್ನು ಮುಟ್ಟಬಾರದು ಅನ್ನೋದು ಎಲ್ಲಾ ಕಡೆ ನಡೆದುಕೊಂಡು ಬಂದ ಮಾತು. ಅವರು ಕೇಳಲಿಲ್ಲ. ಆ ಟೂರ್ನಿಯಲ್ಲಿ ಹೆಚ್ಚಾಗಿ ಬೆಂಚ್‌ನಿಂದ ಬರುತ್ತಿದ್ದ ಆಂಹೆಲ್ ದಿ ಮರಿಯಾ ಅವರನ್ನು ಶುರುವಿನಿಂದಲೇ ಆಡಿಸಿದರು. 22ನೇ ನಿಮಿಷ. ದೆ ಪೌಲ್ ಹಿಂದಿನಿಂದ ಉದ್ದ ಪಾಸ್ ಹಾಕಿದರು. ಬ್ರೆಜಿಲ್‌ನ ಲೆಫ್ಟ್ ಬ್ಯಾಕ್ ಲೋದಿಗೆ ಅದು ಸಿಗಲಿಲ್ಲ. ದಿ ಮರಿಯಾ ಗೋಲ್‌ಕೀಪರ್ ತಲೆ ಮೇಲಿಂದ ಚೆಂಡನ್ನು ಎತ್ತಿ ಹಾಕಿದರು. 1-0, ಅಷ್ಟೇ ಸಾಕಾಯಿತು.

ಇನ್ನೊಂದು ವಿಷಯ. ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಸ್ ಮತ್ತು ಡಿಫೆಂಡರ್ ಕ್ರಿಸ್ಟಿಯನ್ ರೊಮೆರೊ ಅರ್ಜೆಂಟೀನಾ ಪರ ಮೊದಲ ಪಂದ್ಯ ಆಡಿದ್ದು ಆ ಕೋಪಾಗೆ ಕೆಲವೇ ದಿನ ಮುಂಚೆ, ಜೂನ್ ತಿಂಗಳಲ್ಲಿ. ಒಂದೇ ತಿಂಗಳಲ್ಲಿ ಇಬ್ಬರೂ ತಂಡಕ್ಕೆ ಆಧಾರ. ಮಾರ್ಟಿನೆಸ್‌ಗೆ ಆಗ 28 ವರ್ಷ. ಅಲ್ಲಿಯವರೆಗೆ ಯಾರೂ ಆಡಿಸಿರಲಿಲ್ಲ.

ಸೌದಿ ಅರೇಬಿಯಾ ಕೈಲಿ ಸೋತಾಗ ಏನು ಮಾಡಿದರು?

2022ರ ನವೆಂಬರ್ 22, ಮಂಗಳವಾರ, ಕತಾರ್ ವಿಶ್ವಕಪ್‌ನ ನಮ್ಮ ತಂಡದ ಮೊದಲ ಪಂದ್ಯ. ನಮಗೆ ಮಧ್ಯಾಹ್ನ ಮೂರೂವರೆಗೆ ಶುರು. ಶಾಲೆ ಬಿಟ್ಟು ಮೈದಾನಕ್ಕೆ ಬಂದ ಮಕ್ಕಳ ಮುಖ ನೋಡುವ ಹಾಗಿರಲಿಲ್ಲ. ಮೆಸ್ಸಿ ಪೆನಾಲ್ಟಿಯಿಂದ 1-0 ಮುಂದಿದ್ದು, ಮೂರು ಗೋಲ್ ಆಫ್‌ಸೈಡ್ ಅಂತ ರದ್ದಾಗಿ, ದ್ವಿತೀಯಾರ್ಧದ ಶುರುವಿನಲ್ಲೇ ಎರಡು ಗೋಲ್ ತಿಂದು 1-2. ಮೂವತ್ತಾರು ಪಂದ್ಯದ ಓಟ ಅಲ್ಲಿಗೆ ನಿಂತಿತು. ಇನ್ನೊಂದು ಪಂದ್ಯ ಸೋಲದೆ ಇದ್ದಿದ್ದರೆ ಇಟಲಿಯ 37 ಪಂದ್ಯಗಳ ದಾಖಲೆ ಸರಿಗಟ್ಟುತ್ತಿದ್ದರು.

ಇಂಥ ಹೊತ್ತಲ್ಲಿ ಕೋಚ್‌ಗಳು ಎರಡು ತಪ್ಪಿನಲ್ಲಿ ಒಂದು ಮಾಡುತ್ತಾರೆ. ಒಂದು, ನಾವು ಚೆನ್ನಾಗೇ ಆಡಿದ್ವಿ, ಅದೃಷ್ಟ ಇರಲಿಲ್ಲ ಅಂತ ಅದೇ ತಂಡ ಇಳಿಸುವುದು. ಇನ್ನೊಂದು, ಯಾರಾದರೂ ಒಬ್ಬನ ಮೇಲೆ ಹೊರಿಸುವುದು. ಸ್ಕಲೋನಿ ಎರಡೂ ಮಾಡಲಿಲ್ಲ. ಮೆಕ್ಸಿಕೊ ವಿರುದ್ಧ ಮತ್ತೆ ಐದು ಬದಲಾವಣೆ. ಮೊಂತಿಯೆಲ್, ಲಿಸಾಂದ್ರೊ ಮಾರ್ಟಿನೆಸ್, ಅಕುನ್ಯಾ, ಗಿದೊ ರೊದ್ರಿಗೆಸ್, ಮ್ಯಾಕ್ ಅಲಿಸ್ಟರ್ ಒಳಗೆ ಬಂದರು. ಮೆಸ್ಸಿ ಒಂದು ಗೋಲ್ ಹೊಡೆದರು. ಬೆಂಚ್‌ನಿಂದ ಬಂದ 21ರ ಹುಡುಗ ಎಂಝೊ ಫೆರ್ನಾಂದೆಸ್ ಎರಡನೆಯದನ್ನು ಹೊಡೆದ.

ಪೋಲೆಂಡ್ ಪಂದ್ಯಕ್ಕೆ ಎಂಝೊ ಶುರುವಿನ ಹನ್ನೊಂದರಲ್ಲಿ. ಲೌತಾರೊ ಮಾರ್ಟಿನೆಸ್ ಬದಲು ಹೂಲಿಯಾನ್ ಆಲ್ವರೆಸ್. ಲೌತಾರೊ ಎರಡು-ಮೂರು ವರ್ಷದಿಂದ ಸ್ಕಲೋನಿಯ ಮೊದಲ ಆಯ್ಕೆಯ ಫಾರ್ವರ್ಡ್. ವಿಶ್ವಕಪ್ ಮಧ್ಯದಲ್ಲಿ ಅವರನ್ನೇ ಕೂರಿಸಿದರು. ಮೆಸ್ಸಿ ಒಂದು ಪೆನಾಲ್ಟಿ ಹಾಳು ಮಾಡಿಕೊಂಡರೂ 2-0. ಗೋಲ್ ಹೊಡೆದದ್ದು ಮ್ಯಾಕ್ ಅಲಿಸ್ಟರ್ ಮತ್ತು ಆಲ್ವರೆಸ್, ಇಬ್ಬರೂ ಮೊದಲ ಪಂದ್ಯದ ಹನ್ನೊಂದರಲ್ಲಿ ಇಲ್ಲದವರು. ಎಂಝೊಗೆ ಕೊನೆಗೆ ಟೂರ್ನಿಯ ಶ್ರೇಷ್ಠ ಯುವ ಆಟಗಾರ ಪ್ರಶಸ್ತಿಯೂ ಬಂತು.

ಸೌದಿ ಸೋಲು ಒಳ್ಳೆಯದೇ ಆಯಿತು ಅಂತ ಕೆಲವರು ಹೇಳುತ್ತಾರೆ. ಅದನ್ನು ನಾನು ನಂಬಲ್ಲ. ಬೇರೆ ಕೋಚ್ ಆಗಿದ್ದರೆ ಅದೇ ಸೋಲು ತಂಡವನ್ನು ಮುಗಿಸುತ್ತಿತ್ತು.

ಆ ವಿಶ್ವಕಪ್‌ನ ಫೈನಲ್‌ನಲ್ಲಿ, ಫ್ರಾನ್ಸ್ ವಿರುದ್ಧ, ಅವರ ಪ್ಲ್ಯಾನ್ ಏನಿತ್ತು?

ಎಡಗಡೆ ದಿ ಮರಿಯಾ. ಅದೇ ಪ್ಲ್ಯಾನ್.

ದಿ ಮರಿಯಾ ಸಾಮಾನ್ಯವಾಗಿ ಬಲಗಡೆ ಆಡುವವರು. ಗಾಯದಿಂದ ನಾಕೌಟ್ ಪಂದ್ಯಗಳಲ್ಲಿ ಹೆಚ್ಚು ಆಡಿರಲಿಲ್ಲ. ಫ್ರಾನ್ಸ್ ಅವರನ್ನು ನಿರೀಕ್ಷಿಸಿರಲಿಲ್ಲ, ಅದೂ ಎಡಗಡೆ ಖಂಡಿತ ಇಲ್ಲ. ಫ್ರಾನ್ಸ್‌ನ ಬಲಗಡೆ ಕುಂದೆ ಮತ್ತು ದೆಂಬೆಲೆ ಇದ್ದರು. ದೆಂಬೆಲೆ ಫಾರ್ವರ್ಡ್, ಹಿಂದೆ ಓಡಿ ಡಿಫೆನ್ಸ್ ಮಾಡುವುದು ಅವರ ಕೆಲಸವಲ್ಲ. ಬಾಕ್ಸ್ ಒಳಗೆ ದಿ ಮರಿಯಾ ದೆಂಬೆಲೆಯನ್ನು ತಿರುಗಿಸಿದರು, ದೆಂಬೆಲೆ ಅವರನ್ನು ಬೀಳಿಸಿದರು, ಪೆನಾಲ್ಟಿ, 1-0. 36ನೇ ನಿಮಿಷಕ್ಕೆ ಮೆಸ್ಸಿ, ಆಲ್ವರೆಸ್, ಮ್ಯಾಕ್ ಅಲಿಸ್ಟರ್ ಮೂಲಕ ಬಂದ ಚೆಂಡನ್ನು ದಿ ಮರಿಯಾನೇ ಗೋಲ್ ಮಾಡಿದರು. 2-0. 41ನೇ ನಿಮಿಷಕ್ಕೇ ಫ್ರಾನ್ಸ್ ಕೋಚ್ ದೆಶಾಂ ದೆಂಬೆಲೆ ಮತ್ತು ಜಿರೂ ಇಬ್ಬರನ್ನೂ ಹೊರಗೆ ಕರೆದರು. ವಿಶ್ವಕಪ್ ಫೈನಲ್‌ನಲ್ಲಿ ಹಾಫ್ ಟೈಮ್‌ಗೂ ಮುಂಚೆ ಇಬ್ಬರನ್ನು ಬದಲಿಸುವುದು ಅಂದರೆ ಎದುರಾಳಿ ಕೋಚ್ ಲೆಕ್ಕ ಸರಿ ಇತ್ತು ಅಂತ ಒಪ್ಪಿಕೊಂಡ ಹಾಗೆ.

64ನೇ ನಿಮಿಷಕ್ಕೆ ಸ್ಕಲೋನಿ ದಿ ಮರಿಯಾ ಅವರನ್ನು ವಾಪಸ್ ಕರೆದು ಅಕುನ್ಯಾನ ಇಳಿಸಿದರು. ಇದು ತಪ್ಪು ಅಂತ ಇವತ್ತಿಗೂ ವಾದ ನಡೆಯುತ್ತದೆ. ಗಾಯದಿಂದ ಎದ್ದು ಬಂದವರು, ಪೂರ್ತಿ ಓಡಲು ಆಗುತ್ತಿರಲಿಲ್ಲ, ಸರಿ. ಆದರೆ ಆ ಬದಲಾವಣೆ ಆದ ಮೇಲೆ ಫ್ರಾನ್ಸ್ ಆ ಕಡೆ ನಿರಾಳವಾಗಿ ಮೇಲೆ ಬಂತು ಅನ್ನೋದೂ ಕಣ್ಣಿಗೆ ಕಾಣುತ್ತದೆ. 80 ಮತ್ತು 81ನೇ ನಿಮಿಷಕ್ಕೆ ಫ್ರಾನ್ಸ್‌ನ ಎಂಬಾಪೆ ಎರಡು ಗೋಲ್, 2-2. ನನ್ನ ಅಭಿಪ್ರಾಯದಲ್ಲಿ ಹತ್ತು ನಿಮಿಷ ಬೇಗ ಆಯಿತು.

ಎಕ್ಸ್‌ಟ್ರಾ ಟೈಮ್‌ನಲ್ಲಿ ಮೆಸ್ಸಿ 3-2 ಮಾಡಿದರು. ಬದಲಿಯಾಗಿ ಬಂದ ಮೊಂತಿಯೆಲ್ ಕೈಗೆ ಚೆಂಡು ತಾಗಿ ಪೆನಾಲ್ಟಿ, ಎಂಬಾಪೆ 3-3. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿ ಒಬ್ಬರೇ ನುಗ್ಗಿದಾಗ ಗೋಲ್‌ಕೀಪರ್ ಎಮಿಲಿಯಾನೊ ಕಾಲು ಚಾಚಿ ತಡೆದರು. ಶೂಟೌಟ್‌ನಲ್ಲಿ 4-2. ಕೊನೆಯ ಪೆನಾಲ್ಟಿ ಹೊಡೆದು ಕಪ್ ಗೆಲ್ಲಿಸಿದವರು ಅದೇ ಮೊಂತಿಯೆಲ್.

ಮೆಸ್ಸಿ ಇದ್ದರೆ ಯಾರು ಕೋಚ್ ಆದರೂ ಗೆಲ್ತಾರೆ ಅಲ್ವಾ?

ಜಾಸ್ತಿ ಕೇಳುವ ಪ್ರಶ್ನೆ ಇದೇ. ಹಾಗಿದ್ದರೆ 2006, 2010, 2014, 2018ರಲ್ಲಿ ಯಾಕೆ ಗೆಲ್ಲಲಿಲ್ಲ? ಆಗಲೂ ಮೆಸ್ಸಿ ಇದ್ದರು, ಅದೂ ಒಳ್ಳೆ ಪ್ರಾಯದಲ್ಲಿ. ಕೋಚ್‌ಗಳೂ ಚಿಕ್ಕವರಲ್ಲ. 2010ರಲ್ಲಿ ಮರಡೋನಾ ಅವರೇ ಕೋಚ್.

ಮೊದಲು ಎಲ್ಲರೂ ಮೆಸ್ಸಿಗೆ ಚೆಂಡು ಕೊಟ್ಟು ನೋಡುತ್ತಾ ನಿಲ್ಲುತ್ತಿದ್ದರು. ಸ್ಕಲೋನಿ ತಂಡದಲ್ಲಿ ದೆ ಪೌಲ್ ಪಂದ್ಯ ಪೂರ್ತಿ ಮೆಸ್ಸಿ ಪಾಲಿನ ಓಟವನ್ನೂ ಓಡುತ್ತಾರೆ. ಆಲ್ವರೆಸ್ ಮುಂದೆ ನಿಂತು ಎದುರಾಳಿ ಡಿಫೆಂಡರ್‌ಗಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಮ್ಯಾಕ್ ಅಲಿಸ್ಟರ್, ಎಂಝೊ ಚೆಂಡನ್ನು ಬೇಗ ಬೇಗ ದಾಟಿಸುತ್ತಾರೆ. ಮೆಸ್ಸಿಗೆ ನಡೆಯಲು ಬಿಡುವು ಸಿಗುತ್ತದೆ, ಬೇಕಾದಾಗ ಓಡಲು ಕಾಲಲ್ಲಿ ಶಕ್ತಿ ಉಳಿಯುತ್ತದೆ.

ಇನ್ನು ಮೆಸ್ಸಿ ಇಲ್ಲದಾಗ? 2024ರ ಕೋಪಾ ಫೈನಲ್, ಮಯಾಮಿ, ಕೊಲಂಬಿಯಾ ವಿರುದ್ಧ. ಕಣಕಾಲು ಊದಿಕೊಂಡು ಮೆಸ್ಸಿ 66ನೇ ನಿಮಿಷಕ್ಕೆ ಅಳುತ್ತಾ ಹೊರಗೆ ಬಂದರು. 112ನೇ ನಿಮಿಷಕ್ಕೆ ಲೌತಾರೊ ಗೋಲ್ ಹೊಡೆದು ಗೆಲ್ಲಿಸಿದರು. ವಿಶ್ವಕಪ್‌ನಲ್ಲಿ ಬೆಂಚ್‌ಗೆ ಹೋದ ಅದೇ ಲೌತಾರೊ. 2025ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬ್ರೆಜಿಲ್ ವಿರುದ್ಧ 4-1. ಅವತ್ತು ಮೆಸ್ಸಿ ಆಡಿಯೇ ಇರಲಿಲ್ಲ.

ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರಲ್ಲಿ ಇವರೂ ಸೇರುತ್ತಾರಾ?

ಇಲ್ಲ. ಕತಾರ್ ವಿಶ್ವಕಪ್‌ವರೆಗೆ ಆ ಪಟ್ಟಿಯಲ್ಲಿ ಮೂವರೇ. ಬ್ರೆಜಿಲ್‌ನ ಮಾರಿಯೊ ಜಗಾಲೊ, 1958 ಮತ್ತು 1962ರಲ್ಲಿ ಆಟಗಾರ, 1970ರಲ್ಲಿ ಕೋಚ್. ಜರ್ಮನಿಯ ಫ್ರಾಂಝ್ ಬೆಕೆನ್‌ಬವರ್, 1974 ಮತ್ತು 1990. ಫ್ರಾನ್ಸ್‌ನ ದಿದಿಯೇ ದೆಶಾಂ, 1998 ಮತ್ತು 2018. ಅರ್ಜೆಂಟೀನಾಗೆ ವಿಶ್ವಕಪ್ ತಂದ ಕೋಚ್‌ಗಳ ಪಟ್ಟಿ ಬೇರೆ: 1978ರಲ್ಲಿ ಮೆನೊತ್ತಿ, 1986ರಲ್ಲಿ ಬಿಲಾರ್ದೊ, 2022ರಲ್ಲಿ ಸ್ಕಲೋನಿ. ಆಗ ಸ್ಕಲೋನಿಗೆ 44 ವರ್ಷ.

ರಾಷ್ಟ್ರೀಯ ತಂಡದ ಕೋಚ್‌ಗೆ ವರ್ಷವಿಡೀ ಏನು ಕೆಲಸ?

ಕ್ಲಬ್ ಕೋಚ್‌ಗೆ ದಿನಾ ಅಭ್ಯಾಸ ಮಾಡಿಸಲು ಆಟಗಾರರು ಸಿಗುತ್ತಾರೆ. ಬೇಕಾದವರನ್ನು ದುಡ್ಡು ಕೊಟ್ಟು ತರಿಸಬಹುದು. ರಾಷ್ಟ್ರೀಯ ಕೋಚ್‌ಗೆ ಅದೆಲ್ಲ ಇಲ್ಲ. ವರ್ಷದಲ್ಲಿ ಕೆಲವು ಸಲ ಹತ್ತು-ಹನ್ನೆರಡು ದಿನ ಆಟಗಾರರು ಬರುತ್ತಾರೆ, ಅದರಲ್ಲೇ ಎರಡು ಪಂದ್ಯ. ಉಳಿದ ದಿನ ಅವರ ಕ್ಲಬ್ ಪಂದ್ಯ ನೋಡುವುದು, ಮಾತಾಡಿಸುವುದು, ಗಾಯ ಎಷ್ಟು ವಾಸಿಯಾಗಿದೆ ಅಂತ ವಿಚಾರಿಸುವುದು. ಹಾಗಾಗಿ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನುವ ತೀರ್ಮಾನವೇ ಅರ್ಧ ಕೆಲಸ. ಸ್ಕಲೋನಿ ಗಟ್ಟಿ ಇರುವುದು ಅಲ್ಲೇ. ಎಷ್ಟೋ ವರ್ಷ ಬೆಂಚ್‌ನಲ್ಲಿ ಕೂತು, ಕರೆ ಬರುತ್ತಾ ಇಲ್ವಾ ಅಂತ ಕಾದವರು ಅವರು. ಕೂರಿಸಿದ ಆಟಗಾರನ ಹತ್ತಿರ ಹೇಗೆ ಮಾತಾಡಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಇಲ್ಲದಿದ್ದರೆ 2024ರ ಹೊತ್ತಿಗೆ ಲೌತಾರೊ ಹಾಗೆ ಆಡುತ್ತಿರಲಿಲ್ಲ.

ಅವರು ಕೆಲಸ ಬಿಡುತ್ತಾರೆ ಅಂತ ಸುದ್ದಿ ಇತ್ತಲ್ಲ?

2023ರ ನವೆಂಬರ್‌ನಲ್ಲಿ. ಮರಕಾನಾದಲ್ಲಿ ಬ್ರೆಜಿಲ್ ವಿರುದ್ಧ ಒತಮೆಂದಿ ಹೆಡ್ಡರ್‌ನಿಂದ 1-0 ಗೆದ್ದ ರಾತ್ರಿಯೇ, ಮುಂದುವರಿಯುವ ಬಗ್ಗೆ ಯೋಚಿಸಬೇಕು ಅಂದರು. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಬ್ರೆಜಿಲ್ ತನ್ನ ನೆಲದಲ್ಲಿ ಸೋತಿದ್ದು ಅದೇ ಮೊದಲು. ಅಂಥ ಗೆಲುವಿನ ರಾತ್ರಿ ಆ ಮಾತು! ಆಮೇಲೆ ಉಳಿದರು, ಕೋಪಾ ಗೆದ್ದರು, 2026ರ ವಿಶ್ವಕಪ್‌ಗೆ 2025ರ ಮಾರ್ಚ್‌ನಲ್ಲೇ ಅರ್ಹತೆ ಗಳಿಸಿದರು.

ನಮ್ಮ ದೇಶದಲ್ಲಿ ಆಟಗಾರರಾಗಿದ್ದು ಕೋಚ್ ಆದವರು ಇಲ್ವಾ?

ಇದ್ದಾರೆ. ಪಿ.ಕೆ. ಬ್ಯಾನರ್ಜಿ 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಗೋಲ್ ಹೊಡೆದು ಚಿನ್ನ ಗೆದ್ದವರು, ಮುಂದೆ ಭಾರತ ತಂಡದ ಕೋಚ್ ಆದರು. ಸೈಯದ್ ನಯೀಮುದ್ದೀನ್ 1970ರಲ್ಲಿ ಏಷ್ಯನ್ ಗೇಮ್ಸ್ ಕಂಚು ಗೆದ್ದ ತಂಡದ ಕ್ಯಾಪ್ಟನ್, ನಂತರ ಕೋಚ್. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಭಾರತದ ಕೋಚ್ ಆದರು. 2012ರ ನಂತರ ಈ ಜಾಗಕ್ಕೆ ಬಂದ ಮೊದಲ ಭಾರತೀಯ. ಆಟಗಾರರಾಗಿ ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ ತಂಡಗಳಲ್ಲಿದ್ದವರು. ಮಿಜೋರಾಂನ ಐಜ್ವಾಲ್ ಅನ್ನುವ ಚಿಕ್ಕ ಕ್ಲಬ್‌ಗೆ 2016-17ರ ಐ-ಲೀಗ್ ಗೆದ್ದುಕೊಟ್ಟರು. ಅವರ ಕೈಯಲ್ಲಿ ಮೆಸ್ಸಿ ಇಲ್ಲ, ಆದ್ದರಿಂದ ಸ್ಕಲೋನಿ ಜೊತೆ ಹೋಲಿಸುವುದು ನ್ಯಾಯವಲ್ಲ.

ನನ್ನ ಮಗನನ್ನು ಡಿಫೆಂಡರ್ ಮಾಡಬೇಡಿ ಸಾರ್, ಫಾರ್ವರ್ಡ್ ಆಡಿಸಿ. ಹಿಂದೆ ನಿಂತರೆ ಯಾರು ನೋಡ್ತಾರೆ?

ಅಪ್ಪಂದಿರ ಪ್ರಶ್ನೆ ಇದು. ಸಿಟ್ಟು ಬರುವುದಿಲ್ಲ, ಅವರ ಆಸೆ ಅರ್ಥ ಆಗುತ್ತದೆ. ಆದರೆ ಹಿಂದೆ ನಿಂತವನಿಗೆ ಮೈದಾನ ಪೂರ್ತಿ ಕಾಣುತ್ತದೆ. ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಾಗಿದೆ ಅಂತ ಅವನಿಗೆ ಮೊದಲು ಗೊತ್ತಾಗುತ್ತದೆ. ಸ್ಕಲೋನಿ ರೈಟ್ ಬ್ಯಾಕ್. ಅವರ ಸಹಾಯಕರಲ್ಲಿ ಸಾಮುಯೆಲ್, ಅಯಾಲಾ ಇಬ್ಬರೂ ಸೆಂಟರ್ ಬ್ಯಾಕ್. ಹುಡುಗನನ್ನು ಅವನ ಕಾಲು ಎಲ್ಲಿ ಆಡುತ್ತದೋ ಅಲ್ಲೇ ಬಿಡಿ.

ಮುಂದೆ ಕೋಚ್ ಆಗಬೇಕು ಅಂದರೆ ಇಲ್ಲಿಂದ ಏನು ದಾರಿ?

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚಿಂಗ್ ಲೈಸೆನ್ಸ್ ಕೊಡುತ್ತದೆ. ಡಿ, ಸಿ, ಬಿ, ಎ, ಆಮೇಲೆ ಪ್ರೊ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಡಿ ಲೈಸೆನ್ಸ್‌ಗೆ ದೊಡ್ಡ ಆಟಗಾರ ಆಗಿರಬೇಕು ಅಂತೇನಿಲ್ಲ. ಮಾಹಿತಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯನ್ನು ಕೇಳಬೇಕು. ಕೋಲಾರದಿಂದ ಬಸ್ಸಿನಲ್ಲಿ ಎರಡು ಗಂಟೆ ದಾರಿ. ಕೆಜಿಎಫ್ ಕಡೆಯ ಹುಡುಗರಿಗೆ ಇನ್ನೊಂದು ಮಾತು: ಗಣಿಯ ಕಾಲದಿಂದ ಫುಟ್‌ಬಾಲ್ ಆಡಿಕೊಂಡು ಬಂದ ಹಿರಿಯರು ನಿಮ್ಮ ಬೀದಿಗಳಲ್ಲೇ ಇದ್ದಾರೆ. ಮೊದಲು ಅವರ ಹತ್ತಿರ ಕೂತು ಕೇಳಿ.

ಒಂದೇ ಪಂದ್ಯ ನೋಡಿ ಸ್ಕಲೋನಿಯನ್ನು ಅರ್ಥ ಮಾಡಿಕೊಳ್ಳಬೇಕು. ಯಾವುದು ನೋಡಲಿ?

ಎಲ್ಲರೂ ಫೈನಲ್ ಅನ್ನುತ್ತಾರೆ. ನಾನು ಕ್ವಾರ್ಟರ್ ಫೈನಲ್ ಅನ್ನುತ್ತೇನೆ. 2022ರ ಡಿಸೆಂಬರ್ 9, ನೆದರ್‌ಲ್ಯಾಂಡ್ಸ್ ವಿರುದ್ಧ.

ಅಲ್ಲಿಯವರೆಗೆ ನಾಲ್ಕು ಡಿಫೆಂಡರ್ ಇಟ್ಟು ಶುರು ಮಾಡುತ್ತಿದ್ದ ತಂಡವನ್ನು ಅವತ್ತು ಐವರಿಗೆ ಬದಲಿಸಿದರು. ಮಧ್ಯದಲ್ಲಿ ರೊಮೆರೊ, ಒತಮೆಂದಿ, ಲಿಸಾಂದ್ರೊ. ಎರಡು ಬದಿಯಲ್ಲಿ ಮೊಲಿನಾ ಮತ್ತು ಅಕುನ್ಯಾ. ನೆದರ್‌ಲ್ಯಾಂಡ್ಸ್ ಬದಿಗಳಿಂದ ಆಡುವ ತಂಡ. ಅಮೆರಿಕವನ್ನು ಅವರು ಸೋಲಿಸಿದ್ದೇ ದುಮ್‌ಫ್ರೀಸ್ ಮತ್ತು ಬ್ಲಿಂಡ್ ಬದಿಯಿಂದ ನುಗ್ಗಿ ಬಂದದ್ದಕ್ಕೆ. ಅವರಿಗೆ ಎದುರಾಗಿ ಇಬ್ಬರನ್ನು ಅಲ್ಲೇ ನಿಲ್ಲಿಸಿದರು. ನೋಡಿದವರು ಇದನ್ನು ಹೆದರಿಕೆಯ ಆಟ ಅಂದುಕೊಂಡರು. 35ನೇ ನಿಮಿಷಕ್ಕೆ ಮೆಸ್ಸಿ ನೋಡದೆಯೇ ಹಾಕಿದ ಪಾಸ್‌ಗೆ ಒಳಗೆ ಓಡಿ ಬಂದು ಗೋಲ್ ಹೊಡೆದವರು ಮೊಲಿನಾ. 73ನೇ ನಿಮಿಷದ ಪೆನಾಲ್ಟಿ ಸಿಕ್ಕಿದ್ದು ದುಮ್‌ಫ್ರೀಸ್ ಅಕುನ್ಯಾನ ಬೀಳಿಸಿದ್ದಕ್ಕೆ. ಎರಡು ಗೋಲ್‌ಗೂ ಆ ಎರಡು ಬದಿಯವರೇ ಮೂಲ.

ಆಮೇಲೆ ವೆಗ್‌ಹಾರ್ಸ್ಟ್ ಎರಡು ಗೋಲ್ ಹೊಡೆದು 2-2 ಮಾಡಿದ್ದು, ಎಮಿಲಿಯಾನೊ ಎರಡು ಪೆನಾಲ್ಟಿ ತಡೆದದ್ದು ಎಲ್ಲಾ ನಿಮಗೆ ಗೊತ್ತು. ಅದನ್ನು ಸದ್ಯಕ್ಕೆ ಬಿಡಿ. ಮೊದಲ ಎಪ್ಪತ್ತು ನಿಮಿಷ ಚೆಂಡಿನ ಹಿಂದೆ ಹೋಗದೆ ಅಕುನ್ಯಾ ಒಬ್ಬರನ್ನೇ ನೋಡಿ. ಯಾವಾಗ ಹಿಂದೆ ನಿಲ್ಲುತ್ತಾರೆ, ಯಾವಾಗ ಮುಂದೆ ಹೋಗುತ್ತಾರೆ, ಅವರು ಹೋದಾಗ ಆ ಜಾಗಕ್ಕೆ ಯಾರು ಬರುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಾಳೆ ಮೈದಾನಕ್ಕೆ ಬಂದಾಗ ಕೇಳುತ್ತೇನೆ.